ಮಹಾಯೋಜನೆಯಲ್ಲಿ ರಸ್ತೆ 40 ಅಡಿ, ನಮ್ಮ ಮನೆ ಮುಂದೆ 30 ಅಡಿ: ನಕ್ಷೆ ವಾಪಸ್ ಬಂದಿದೆ, ಮುಂದೇನು?

ಮರಳೂರು ಶಿಕ್ಷಕಿ (ಪ್ರಶ್ನೆ)

ನಮಸ್ಕಾರ. ತುಮಕೂರಿನ ಮರಳೂರು ಕಡೆಯ ಹಳೆಯ ಬಡಾವಣೆಯಲ್ಲಿ ನಮ್ಮದೊಂದು 30×40 ನಿವೇಶನವಿದೆ. ಪೂರ್ವಕ್ಕೆ ರಸ್ತೆ. ರಸ್ತೆಯ ಉದ್ದಕ್ಕೆ 30 ಅಡಿ, ಒಳಕ್ಕೆ 40 ಅಡಿ. ಬಡಾವಣೆಗೆ ಅನುಮೋದನೆ ಇದೆ, ಇ-ಖಾತಾ ಆಗಿದೆ, ಕಂದಾಯ ಬಾಕಿ ಇಲ್ಲ. ಕೆಳಗೆ ನಾವು, ಮೇಲೆ ಬಾಡಿಗೆಗೊಂದು ಮನೆ, ಮುಂಭಾಗದಲ್ಲಿ ನಾದಿನಿಯ ಹೊಲಿಗೆ ಕೆಲಸಕ್ಕೆ 10×12 ಅಳತೆಯ ಕೋಣೆ, ಇಷ್ಟೇ ನಮ್ಮ ಯೋಜನೆ.

ಕಟ್ಟಡ ಪರವಾನಗಿಗೆ ಹಾಕಿದ ನಕ್ಷೆ ಹಿಂಬರಹದೊಂದಿಗೆ ವಾಪಸ್ ಬಂದಿದೆ. ಮೂರು ಆಕ್ಷೇಪಣೆಗಳಿವೆ. ಮಹಾಯೋಜನೆಯಲ್ಲಿ (ನಗರದ ಮಾಸ್ಟರ್ ಪ್ಲಾನ್) ನಮ್ಮ ಮುಂದಿನ ರಸ್ತೆ 12 ಮೀಟರ್ (ಸುಮಾರು 40 ಅಡಿ), ಅಗಲೀಕರಣದ ಜಾಗ ಬಿಟ್ಟು ಸೆಟ್‌ಬ್ಯಾಕ್ (ಗಡಿಗೂ ಕಟ್ಟಡಕ್ಕೂ ನಡುವೆ ಖಾಲಿ ಬಿಡುವ ಜಾಗ) ತೋರಿಸಿಲ್ಲ ಎಂಬುದು ಮೊದಲನೆಯದು. ವಸತಿ ವಲಯದಲ್ಲಿ ಅಂಗಡಿ ಕೋಣೆ ತೋರಿಸಿದ್ದೀರಿ ಎಂಬುದು ಎರಡನೆಯದು. ಮಳೆನೀರು ಸಂಗ್ರಹದ ವಿವರ ಇಲ್ಲ ಎಂಬುದು ಮೂರನೆಯದು.

ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಕಡತ ನಗರಾಭಿವೃದ್ಧಿ ಪ್ರಾಧಿಕಾರದ ಸಭೆಗೆ ಹೋಗಬೇಕು, ಅಲ್ಲಿ ಪರಿಚಯದವರಿದ್ದರೆ ಕೆಲಸ ಸಲೀಸು ಎನ್ನುತ್ತಾರೆ ಅತ್ತಿಗೆಯ ಮನೆಯವರು. ರಸ್ತೆ ಅಗಲ ಮಾಡುವುದು ಯಾವ ಕಾಲಕ್ಕೋ, ಈಗಿರುವಂತೆ ಕಟ್ಟಿಬಿಡಿ, ಆಮೇಲೆ ಅಕ್ರಮ-ಸಕ್ರಮದಲ್ಲಿ ದಂಡ ಕಟ್ಟಿದರಾಯಿತು ಎನ್ನುತ್ತಾರೆ ಮೇಸ್ತ್ರಿ. ಬ್ಯಾಂಕಿನಲ್ಲಿ ಸಾಲದ ಅರ್ಜಿ ಕೂತಿದೆ, ಬಾಡಿಗೆ ಮನೆಯ ಕರಾರು ಮುಗಿಯುತ್ತಾ ಬಂದಿದೆ. ತಿಳಿದವರು ದಯವಿಟ್ಟು ಹೇಳಿ: ನಮ್ಮಂಥ ಒಂದು ಮನೆಯ ನಕ್ಷೆಯನ್ನು ನಿಜವಾಗಿ ಪರಿಶೀಲಿಸುವವರು ಯಾರು? ರಸ್ತೆಗೆ ಎಷ್ಟು ಜಾಗ ಬಿಡಬೇಕು?

ಹಳೆಯ ನಕ್ಷೆಗಾರ, ಕ್ಯಾತ್ಸಂದ್ರ

ಅಮ್ಮಾ, ಮೇಸ್ತ್ರಿಯ ಮಾತನ್ನು ಮೊದಲು ಬದಿಗಿಡಿ. ಅಕ್ರಮ-ಸಕ್ರಮ ಎಂದು ಜನ ಕರೆಯುವುದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 76-ಎಫ್‌ಎಫ್ ಕಲಮನ್ನು. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಅದನ್ನು ನಂಬಿ ಇಂದು ಪಾಯ ತೋಡುವುದು ನಿಮ್ಮ ಸಾಲದ ದುಡ್ಡನ್ನು ಗಾಳಿಗೆ ತೂರಿದಂತೆ. ಅಲ್ಲದೆ 2024ರ ಡಿಸೆಂಬರ್ 17ರಂದು ಅದೇ ನ್ಯಾಯಾಲಯ ಇನ್ನೊಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ: ಸ್ವಾಧೀನಾನುಭವ ಪತ್ರ (ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂಬ ಪತ್ರ) ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಕಟ್ಟಡದ ಭದ್ರತೆಯ ಮೇಲೆ ಸಾಲ ಕೊಡಬೇಕು, ಮಂಜೂರಾದ ನಕ್ಷೆ ಕಟ್ಟಡ ಮುಗಿಯುವವರೆಗೂ ಕೆಲಸದ ಜಾಗದಲ್ಲಿ ಕಾಣುವಂತೆ ಇರಬೇಕು. ಈಗ ನಕ್ಷೆ ಮೀರಿ ಕಟ್ಟಿದರೆ ನಾಳೆ ವಿದ್ಯುತ್ ಮೀಟರಿಗೆ ಅಲೆಯುವವರು ನೀವು, ಮೇಸ್ತ್ರಿಯಲ್ಲ.

ಇನ್ನು ಪರಿಶೀಲಿಸುವವರು ಯಾರು ಎಂಬ ಪ್ರಶ್ನೆ. ಪ್ರಾಧಿಕಾರದ ಸಭೆಯಲ್ಲಿ ಅಧ್ಯಕ್ಷರು, ಆಯುಕ್ತರು, ನಗರ ಯೋಜನೆಯ ಅಧಿಕಾರಿ, ಶಾಸಕರು ಕೂರುತ್ತಾರೆ. ಅಲ್ಲಿ ಚರ್ಚೆಯಾಗುವುದು ಹೊಸ ಬಡಾವಣೆಗಳ ವಿನ್ಯಾಸ, ಭೂ ಉಪಯೋಗ ಬದಲಾವಣೆ, ದೊಡ್ಡ ಅಭಿವೃದ್ಧಿ ಪ್ರಸ್ತಾವಗಳು. ಮಹಾಯೋಜನೆಯ ನಕ್ಷೆಯಲ್ಲಿ ಹಳದಿ ಬಣ್ಣದ ವಸತಿ ಜಾಗವನ್ನು ನೀಲಿ ಬಣ್ಣದ ವಾಣಿಜ್ಯಕ್ಕೆ ತಿರುಗಿಸಬೇಕೆಂದರೆ 14-ಎ ಕಲಮಿನಂತೆ ಪತ್ರಿಕೆಯಲ್ಲಿ ಪ್ರಕಟಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಕರೆದು, ಸರ್ಕಾರದ ಒಪ್ಪಿಗೆ ಪಡೆಯಬೇಕು. ಅನುಮೋದಿತ ಬಡಾವಣೆಯ ಒಂದು 30×40 ಮನೆ ಆ ಸಭೆಯ ವಿಷಯವಲ್ಲ. ನಿಮ್ಮ ಕಡತ ಪಾಲಿಕೆಯ ನಗರ ಯೋಜನೆ ಶಾಖೆಯಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಮಹಾಯೋಜನೆ ಮತ್ತು ವಲಯ ನಿಯಮಾವಳಿ (ಯಾವ ವಲಯದಲ್ಲಿ ಏನು, ಎಷ್ಟು ಕಟ್ಟಬಹುದೆಂಬ ನಿಯಮಗಳು) ಮಾಡುವುದು ಪ್ರಾಧಿಕಾರ, ಆ ನಿಯಮಾವಳಿಯನ್ನು ಮುಂದಿಟ್ಟುಕೊಂಡು ನಿಮ್ಮ ನಕ್ಷೆ ತಾಳೆ ನೋಡುವುದು ಪಾಲಿಕೆ. ಪರಿಚಯದವರನ್ನು ಹುಡುಕುತ್ತಾ ಓಡಾಡುವ ಅಗತ್ಯವೇ ಇಲ್ಲ.

ನಾನು ಹೆಚ್ಚು ಹೇಳಬೇಕಿರುವುದು ರಸ್ತೆಯ ಬಗ್ಗೆ. ನಾಲ್ಕು ಅಡಿಯ ಜಾಗಕ್ಕಾಗಿ ವರ್ಷಗಟ್ಟಲೆ ನೊಂದ ಎಷ್ಟೋ ಕುಟುಂಬಗಳನ್ನು ಕಂಡಿದ್ದೇನೆ.

ರಸ್ತೆಯ ಅಗಲ ಎಂದರೆ ಡಾಂಬರಿನ ಅಗಲವಲ್ಲ. ಈ ಬದಿಯ ನಿವೇಶನದ ಗಡಿಯಿಂದ ಆ ಬದಿಯ ನಿವೇಶನದ ಗಡಿಯವರೆಗೆ, ಚರಂಡಿಯೂ ಸೇರಿ, ರಸ್ತೆಗೆ ಲಂಬವಾಗಿ ಅಳೆದದ್ದು ರಸ್ತೆಯ ಅಗಲ. ನಿಮ್ಮದು ಈಗ 30 ಅಡಿ, ಅಂದರೆ ಸುಮಾರು 9 ಮೀಟರ್. ಮಹಾಯೋಜನೆಯಲ್ಲಿ 12 ಮೀಟರ್. ಹೆಚ್ಚಾಗಬೇಕಾದ 3 ಮೀಟರನ್ನು ಮಧ್ಯರೇಖೆಯಿಂದ ಎರಡೂ ಬದಿಗೆ ಸಮನಾಗಿ ಹಂಚಿದರೆ ನಿಮ್ಮ ಪಾಲಿಗೆ ಒಂದೂವರೆ ಮೀಟರ್, ಹತ್ತಿರ ಹತ್ತಿರ 5 ಅಡಿ. 40 ಅಡಿ ಆಳದ ನಿವೇಶನ ಲೆಕ್ಕಕ್ಕೆ 35 ಅಡಿಯಾಗುತ್ತದೆ. 1200 ಚದರ ಅಡಿಯಲ್ಲಿ 150 ಹೋಗಿ 1050 ಉಳಿಯುತ್ತದೆ. ಮುಂಭಾಗದ ಸೆಟ್‌ಬ್ಯಾಕ್ ಆರಂಭವಾಗುವುದು ಈ ಹೊಸ ಗೆರೆಯಿಂದ, ನಿಮ್ಮ ಇಂದಿನ ಗಡಿಯಿಂದಲ್ಲ. ನಿಮ್ಮ ಎಂಜಿನಿಯರ್ ಹಳೆಯ ಗಡಿಯಿಂದ ಅಳೆದಿರಬೇಕು, ಅದಕ್ಕೇ ಆಕ್ಷೇಪಣೆ ಬಂದಿದೆ.

ನಾವು ಕೈಯಲ್ಲಿ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಇರುವ ರಸ್ತೆಯನ್ನು ಹಸಿರು ಗೆರೆಯಲ್ಲಿ, ಬರಲಿರುವ ರಸ್ತೆಯನ್ನು ಹಸಿರು ಚುಕ್ಕಿ ಗೆರೆಯಲ್ಲಿ, ಹೊಸ ಕಟ್ಟಡವನ್ನು ಕೆಂಪಿನಲ್ಲಿ ತುಂಬಿ ತೋರಿಸುತ್ತಿದ್ದೆವು. ಕಂಪ್ಯೂಟರ್ ಬಂದರೂ ಕ್ರಮ ಅದೇ. ಹಸಿರು ಚುಕ್ಕಿ ಗೆರೆಯ ಹೊರಗೆ ಏನೇನು ಬಿದ್ದಿದೆ ಎಂದು ನಿಮ್ಮ ಹಾಳೆಯಲ್ಲಿ ನೋಡಿ. ಕಂಬ, ಮೆಟ್ಟಿಲು, ನೀರಿನ ಸಂಪು, ಮೇಲಿನ ಬಾಲ್ಕನಿ ಯಾವುದೂ ಆ ಐದು ಅಡಿಯಲ್ಲಿ ಇರಬಾರದು. ಜನ ಮರೆಯುವುದು ಸಂಪನ್ನು. ಮನೆ ಹಿಂದಕ್ಕೆ ಸರಿಯುತ್ತದೆ, ಸಂಪು ಮಾತ್ರ ಗೇಟಿನ ಪಕ್ಕದಲ್ಲೇ ಉಳಿಯುತ್ತದೆ. ರಸ್ತೆ ಅಗಲವಾದ ದಿನ ಮೊದಲು ಒಡೆಯುವುದು ಅದನ್ನೇ.

ಬಿಡುವ ಜಾಗಕ್ಕೆ ಏನೂ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಕಾಯ್ದೆಯ 14-ಬಿ ಕಲಮಿನಲ್ಲಿ, ಸಾರ್ವಜನಿಕ ಉದ್ದೇಶಕ್ಕೆ ಜಾಗವನ್ನು ಉಚಿತವಾಗಿ ಬಿಟ್ಟುಕೊಟ್ಟವರಿಗೆ ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ (ಬಿಟ್ಟ ಜಾಗಕ್ಕೆ ಬದಲಾಗಿ ಹೆಚ್ಚುವರಿ ಕಟ್ಟುವ ಹಕ್ಕು) ಕೊಡುವ ಅವಕಾಶವಿದೆ. ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವ ಮೊದಲು ಇದನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ನೆಲವಿಸ್ತೀರ್ಣ ಅನುಪಾತವನ್ನು (ನಿವೇಶನದ ಎಷ್ಟು ಪಟ್ಟು ವಿಸ್ತೀರ್ಣ ಕಟ್ಟಬಹುದೆಂಬ ಲೆಕ್ಕ) ಯಾವ ಅಳತೆಯ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದನ್ನೂ ಕೇಳಿ. ಅನುಪಾತ 1.5 ಎಂದಿಟ್ಟುಕೊಂಡರೆ 1200ಕ್ಕೆ 1800 ಚದರ ಅಡಿ ಕಟ್ಟಬಹುದು, 1050ಕ್ಕೆ 1575 ಮಾತ್ರ. ಮೇಲಿನ ಬಾಡಿಗೆ ಮನೆಯ ಒಂದು ಮಲಗುವ ಕೋಣೆಗೂ ಹೆಚ್ಚಿನ ವ್ಯತ್ಯಾಸ ಇದು.

ಹೊಲಿಗೆ ಕೋಣೆಗೆ ಹೆದರಬೇಡಿ. ವಸತಿ ವಲಯದಲ್ಲಿ ಮನೆಯ ಭಾಗವಾಗಿ ಸಣ್ಣ ವಿಸ್ತೀರ್ಣದ ಅಂಗಡಿ, ವೃತ್ತಿ ಕೋಣೆಗಳಿಗೆ ವಲಯ ನಿಯಮಾವಳಿಯಲ್ಲಿ ಅವಕಾಶ ಇರುತ್ತದೆ. ಬರಿದೇ ‘ಅಂಗಡಿ’ ಎಂದು ಬರೆದು ಬಿಡುವ ಬದಲು ಉಪಯೋಗ, ಅಳತೆ, ವಿಸ್ತೀರ್ಣ ಬರೆಸಿ.

ಮಳೆನೀರಿನ ವಿಷಯದಲ್ಲಿ ಕಾಟಾಚಾರಕ್ಕೆ ಒಂದು ಗುಂಡಿ ಬರೆದು ಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬುಗುಡನಹಳ್ಳಿ ಕೆರೆಗೆ ಹೇಮಾವತಿ ಹರಿದು ಬಂದರಷ್ಟೇ ನಮ್ಮೂರಿನ ಕೊಳಾಯಿಗೆ ಜೀವ. 70 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 700 ಲೀಟರ್ ನೀರು. ಸೋಸುವ ತೊಟ್ಟಿ, ಅಲ್ಲಿಂದ ಸಂಪಿಗೆ ಕೊಳವೆ, ಹೆಚ್ಚಾದದ್ದಕ್ಕೆ ಇಂಗುಗುಂಡಿ, ಇಷ್ಟನ್ನು ನಕ್ಷೆಯಲ್ಲೂ ತೋರಿಸಿ, ಕಟ್ಟುವಾಗಲೂ ಮಾಡಿ.

ನಂದಿ ತಪ್ಪಲಿನವನು, ಚಿಕ್ಕಬಳ್ಳಾಪುರ

ಮೇಲಿನ ಹಿರಿಯರು ಹೇಳಿದ್ದು ನಗರದೊಳಗಿನ ಮಾತು. ಊರಾಚೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನಿವೇಶನ ಕೊಳ್ಳಲು ಹೊರಟವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ.

ಭೂಪರಿವರ್ತನೆ ಆಗಿದೆ, ಇನ್ನೇನು ಬೇಕು ಎಂದು ಮಾರುವವರು ಕೇಳುತ್ತಾರೆ. ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನ ಪರಿವರ್ತನೆ ಎಂದರೆ ವ್ಯವಸಾಯದ ಜಮೀನನ್ನು ಬೇರೆ ಉಪಯೋಗಕ್ಕೆ ಬಿಟ್ಟದ್ದು, ಅಷ್ಟೇ. ಆ ಜಮೀನನ್ನು ನಿವೇಶನಗಳಾಗಿ ತುಂಡು ಮಾಡಲು ಯೋಜನಾ ಕಾಯ್ದೆಯ 17ನೇ ಕಲಮಿನಂತೆ ಯೋಜನಾ ಪ್ರಾಧಿಕಾರದ ವಿನ್ಯಾಸ ಅನುಮೋದನೆ ಬೇಕು. ಆಗಲೇ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಡಿಸುವುದು. ಅದಿಲ್ಲದೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು ಮಾರಿದ್ದು ಕಂದಾಯ ನಿವೇಶನ.

ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಅನುಮೋದಿತ ಆಸ್ತಿಗೆ ಕೊಡುವ ನಮೂನೆ 9 ಮತ್ತು 11-ಎ ಇದೆಯೋ, ಅನುಮೋದನೆ ಇಲ್ಲದ್ದಕ್ಕೆ ಕೊಡುವ 11-ಬಿ ಇದೆಯೋ ನೋಡಿ. ನನ್ನ ಚಿಕ್ಕಪ್ಪನ ಮಗ ಹೆದ್ದಾರಿ ಪಕ್ಕ ಎಂದು ಆಸೆಪಟ್ಟು 11-ಬಿ ನಿವೇಶನ ಕೊಂಡ. ನೋಂದಣಿ ಆಯಿತು, ಬೇಲಿಯೂ ಆಯಿತು, ಸಾಲಕ್ಕೆ ಹೋದಾಗ ವಿನ್ಯಾಸ ಅನುಮೋದನೆ ಎಲ್ಲಿ ಎಂದು ಕೇಳಿದರು. ಅಲ್ಲಿಗೆ ನಿಂತಿದೆ. ಇಬ್ಬರು ಹೆಣ್ಣುಮಕ್ಕಳ ತಂದೆ, ಉಳಿತಾಯವೆಲ್ಲ ಆ ಬೇಲಿಯೊಳಗಿದೆ. ನೆನೆದರೆ ಸಂಕಟವಾಗುತ್ತದೆ.

ಮರಳೂರು ಶಿಕ್ಷಕಿ

ಇಬ್ಬರಿಗೂ ತುಂಬಾ ಧನ್ಯವಾದಗಳು. ನಿನ್ನೆ ಸಂಜೆ ನಾನು, ನಮ್ಮವರು ಟೇಪ್ ಹಿಡಿದು ರಸ್ತೆ ಅಳೆದೆವು. ಗಡಿಯಿಂದ ಗಡಿಗೆ 27 ಅಡಿ ಮಾತ್ರ ಬಂತು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರ) ‘ಪೂರ್ವಕ್ಕೆ 30 ಅಡಿ ರಸ್ತೆ’ ಎಂದೇ ಇದೆ. ಎದುರು ಮನೆಯ ಕಾಂಪೌಂಡ್ ಪಕ್ಕದ ಮನೆಗಳ ಸಾಲಿಗಿಂತ ಮುಂದಕ್ಕೆ ಚಾಚಿಕೊಂಡಿದೆ, ನೇರ ನಿಂತು ನೋಡಿದರೆ ಗೊತ್ತಾಗುತ್ತದೆ. ನಾವು ನಮ್ಮ ಕಡೆ ಇನ್ನೂ ಏನೂ ಕಟ್ಟಿಲ್ಲ, ಮೂಲೆಕಲ್ಲುಗಳು ಹಾಗೇ ಇವೆ. ಈಗ ಲೆಕ್ಕ ಬದಲಾಗುತ್ತದೆಯೇ? ಸ್ಥಳ ಪರಿಶೀಲನೆಗೆ ಬಂದವರು ಈ 27 ಅಡಿಯನ್ನೇ ಹಿಡಿದರೆ?

ಹಳೆಯ ನಕ್ಷೆಗಾರ, ಕ್ಯಾತ್ಸಂದ್ರ

ಕಟ್ಟುವ ಮೊದಲೇ ಅಳೆದಿರಿ, ಬಹಳ ಸಂತೋಷ. ಈಗ ಲೆಕ್ಕ ನೋಡಿ. ಎದುರಿನವರು 3 ಅಡಿ ಮುಂದೆ ಬಂದಿದ್ದರೆ, ಇಂದಿನ ಟೇಪಿನ ಮಧ್ಯಬಿಂದು ನಿಮ್ಮ ಕಡೆಗೆ ಒಂದೂವರೆ ಅಡಿ ಸರಿಯುತ್ತದೆ. ಅಲ್ಲಿಂದ 40 ಅಡಿ ರಸ್ತೆಯ ಅರ್ಧ, ಅಂದರೆ 20 ಅಡಿ ಅಳೆದರೆ ನಿಮ್ಮ ನಿವೇಶನದೊಳಗೆ 5 ಅಡಿಯ ಬದಲು ಆರೂವರೆ ಅಡಿ ಹೋಗುತ್ತದೆ. ಅವರು ಒತ್ತಿದ್ದಕ್ಕೆ ನೀವು 45 ಚದರ ಅಡಿ ಕಳೆದುಕೊಳ್ಳುವುದು ನ್ಯಾಯವಲ್ಲ.

ಮಧ್ಯರೇಖೆಯನ್ನು ಹಿಡಿಯಬೇಕಾದದ್ದು ಅನುಮೋದಿತ ಬಡಾವಣೆ ನಕ್ಷೆಯಿಂದ. ಆ ನಕ್ಷೆಯ ದೃಢೀಕೃತ ಪ್ರತಿಯನ್ನು ಪಡೆಯಿರಿ, ಅದರಲ್ಲಿ ನಿಮ್ಮ ರಸ್ತೆಯ ಅಗಲ, ಎರಡೂ ಬದಿಯ ನಿವೇಶನಗಳ ಅಳತೆ ಇರುತ್ತದೆ. ನಿಮ್ಮ ಮೂಲೆಕಲ್ಲಿನಿಂದ ಹಿಂದಿನ ಮೂಲೆಕಲ್ಲಿಗೆ 40 ಅಡಿ ಸರಿಯಾಗಿದೆಯೇ ಎಂದು ಅಳೆದು, ಕಲ್ಲುಗಳ ಫೋಟೋ ತೆಗೆದಿಡಿ. ಕ್ರಯಪತ್ರದ ಚೆಕ್ಕುಬಂದಿ ಪುಟವನ್ನೂ ಜೊತೆಗಿಟ್ಟು, ‘ಮಧ್ಯರೇಖೆಯನ್ನು ಅನುಮೋದಿತ ವಿನ್ಯಾಸದಂತೆ ಪರಿಗಣಿಸಿ, ಅಗತ್ಯವಿದ್ದರೆ ಜಂಟಿ ಅಳತೆ ಮಾಡಿಸಿ’ ಎಂದು ತಿದ್ದಿದ ನಕ್ಷೆಯ ಜೊತೆಯಲ್ಲೇ ಮನವಿ ಕೊಡಿ. ಸ್ಥಳ ಪರಿಶೀಲನೆಯ ದಿನ ನಿಮ್ಮವರಾಗಲಿ ನೀವಾಗಲಿ ಖುದ್ದಾಗಿ ಇರಿ, ಎಂಜಿನಿಯರನ್ನು ಮಾತ್ರ ಕಳಿಸಬೇಡಿ.

ಎದುರು ಮನೆಯವರೊಡನೆ ಜಗಳಕ್ಕೆ ಹೋಗಬೇಡಿ. ಒತ್ತುವರಿ ತೆರವು ಮಾಡಿಸುವುದು, ಅನಧಿಕೃತ ಕಟ್ಟಡಕ್ಕೆ ಪೌರ ನಿಗಮಗಳ ಕಾಯ್ದೆಯ 321ನೇ ಕಲಮಿನಲ್ಲಿ ನೋಟಿಸ್ ಕೊಡುವುದು ಆಯುಕ್ತರ ಅಧಿಕಾರ. ನಿಮ್ಮ ಮನವಿ ನಿಮ್ಮ ಅಳತೆಗೆ ಸೀಮಿತವಾಗಿರಲಿ. ಇಪ್ಪತ್ತು ವರ್ಷ ಎದುರುಬದುರು ಬಾಳಬೇಕಾದವರು ನೀವು.

ಅರ್ಜಿ ಸಲ್ಲಿಸಿದಾಗ ಸಿಗುವ ಸಕಾಲ (ಸರ್ಕಾರಿ ಸೇವೆಗೆ ಗಡುವು ಹಾಕುವ ಕಾಯ್ದೆ) ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ, ಜೋಪಾನ ಮಾಡಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ ಬರುತ್ತದೆ. ಹಣ ದೊಡ್ಡದಲ್ಲ, ಆದರೆ ಆ ಸಂಖ್ಯೆ ಹಿಡಿದು ಮೇಲ್ಮನವಿ ಹಾಕಿದರೆ ಕಡತ ಯಾರ ಮೇಜಿನ ಮೇಲೆ ಕೂತಿದೆ ಎಂಬುದು ಹೊರಬರುತ್ತದೆ.

ಮರಳೂರು ಶಿಕ್ಷಕಿ

ಎಂಜಿನಿಯರ್ ಜೊತೆ ಕೂತು ಸಂಪನ್ನು ಹಿಂಬದಿಗೆ, ಅಡುಗೆಮನೆಯ ಪಕ್ಕಕ್ಕೆ ಸರಿಸಿದೆವು. ಮೆಟ್ಟಿಲು ಉತ್ತರದ ಗೋಡೆಗೆ ಹೋಯಿತು, ಹೊಲಿಗೆ ಕೋಣೆ 10×10 ಆಯಿತು, ನಾದಿನಿ ಒಪ್ಪಿದ್ದಾಳೆ. ಬಡಾವಣೆ ನಕ್ಷೆಯ ದೃಢೀಕೃತ ಪ್ರತಿಗೆ ಅರ್ಜಿ ಕೊಟ್ಟಿದ್ದೇವೆ. ಅದು ಕೈಗೆ ಬಂದ ತಕ್ಷಣ ಮನವಿಯ ಜೊತೆ ನಕ್ಷೆ ಹಾಕುತ್ತೇವೆ. ಅಳತೆಗೆ ಬರುವ ದಿನ ಶಾಲೆಗೆ ರಜೆ ಹಾಕಿ ನಾನೇ ನಿಲ್ಲುತ್ತೇನೆ.