ತುಮಕೂರಲ್ಲಿ ಕಾರಿಲ್ಲದೆ ಬಸ್ಸಲ್ಲೇ ಓಡಾಡಬಹುದಾ? ಅಪ್ಪ, ಅಮ್ಮ, ಅತ್ತೆ ಜೊತೆಗಿದ್ದಾರೆ

ಹುಬ್ಬಳ್ಳಿ_ಹುಡುಗ
ಎಲ್ಲರಿಗೂ ನಮಸ್ಕಾರ. ಭಾನುವಾರ ತುಮಕೂರಲ್ಲಿ ನೆಂಟರ ಮನೆ ಮದುವೆ ಇದೆ. ಹಿಂದಿನ ದಿನವೇ ಬರುತ್ತಿದ್ದೇವೆ, ಶನಿವಾರ ಪೂರ್ತಿ ಖಾಲಿ. ಸಿದ್ಧಗಂಗಾ ಮಠಕ್ಕೆ ಹೋಗಲೇಬೇಕು ಅಂತ ಅಪ್ಪನ ಆಸೆ, ಅಮ್ಮನಿಗೆ ದೇವರಾಯನದುರ್ಗ. ಟೈಮ್ ಉಳಿದರೆ ಕೈದಾಳವನ್ನೂ ನೋಡೋಣ ಅಂತ ನಾನು. ಕಾರು ಮಾಡಿಕೊಂಡು ಹೋಗಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅಮ್ಮನಿಗೆ ಕಾರಲ್ಲಿ ಕೂತರೆ ವಾಂತಿ ಬರುತ್ತೆ, ಬಸ್ಸಾದರೆ ಕಿಟಕಿ ಪಕ್ಕ ಆರಾಮಾಗಿ ಕೂರುತ್ತಾರೆ. ಸಿಟಿ ಬಸ್ಸನ್ನು ನಂಬರ್ ನೋಡಿ ಹತ್ತಬೇಕಾ? ಅತ್ತೆಗೂ ಫ್ರೀ ಟಿಕೆಟ್ ಸಿಗುತ್ತಾ? ಅವರ ಆಧಾರ್ ಸೊಲ್ಲಾಪುರದ್ದು.

ಬಟವಾಡಿ_ನಿವಾಸಿ
ಖಂಡಿತ ಆಗುತ್ತೆ ಸರ್, ಬನ್ನಿ. ನಮ್ಮೂರು ಬೆಂಗಳೂರಿನಷ್ಟು ದೊಡ್ಡದಲ್ಲ, ನಂಬರ್ ಹಿಡಿದು ಹುಡುಕುವ ಗೋಜು ಬೇಡ. ಮುಂದಿನ ಬೋರ್ಡ್ ಕನ್ನಡದಲ್ಲೇ ಇರುತ್ತೆ, ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗುತ್ತಲೂ ಇರುತ್ತಾರೆ. ಹತ್ತುವ ಮುಂಚೆ ಇಳಿಯುವ ಜಾಗದ ಹೆಸರು ಹೇಳಿ ಕೇಳಿಬಿಡಿ, ಸಾಕು.

ಮಠ ಊರಿಂದ ಸುಮಾರು 5 ಕಿ.ಮೀ., ಕ್ಯಾತ್ಸಂದ್ರದ ಹತ್ತಿರ. ಮಠದವರೆಗೇ ಹೋಗುವ ಬಸ್ ನಿಂತಿದ್ದರೆ ಹತ್ತಿ. ಇಲ್ಲದಿದ್ದರೆ ಅದಕ್ಕೇ ಕಾಯಬೇಡಿ, ಬಿ.ಎಚ್. ರೋಡಲ್ಲಿ ಕ್ಯಾತ್ಸಂದ್ರದ ಕಡೆ ಹೋಗುವ ಯಾವುದಾದರೂ ಬಸ್ ಹತ್ತಿ, ಅಲ್ಲಿಂದ ಆಟೊ ಮಾಡಿಕೊಳ್ಳಿ. ದೊಡ್ಡವರು ಇದ್ದಾರಲ್ವಾ, ಆ ಸ್ವಲ್ಪ ದೂರವನ್ನು ಬಿಸಿಲಲ್ಲಿ ನಡೆಸಬೇಡಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮಾತ್ರ ಹೋಗಬೇಡಿ.

ನೀವು ಯೋಚನೆ ಮಾಡಬೇಕಾದದ್ದು ದುರ್ಗದ ಬಗ್ಗೆ. ದೂರ ಹದಿನೈದೇ ಕಿಲೋಮೀಟರ್, ಆದರೆ ಬಸ್ ಕಡಿಮೆ. ಮಠಕ್ಕೆ ಒಂದು ಬಸ್ ತಪ್ಪಿದರೆ ಇನ್ನೊಂದು ಬರುತ್ತೆ, ದುರ್ಗಕ್ಕೆ ಹಾಗಲ್ಲ. ಅದಕ್ಕೇ ಬೆಳಿಗ್ಗೆ ಮೊದಲು ದುರ್ಗ ಮುಗಿಸಿ. ಸ್ಟ್ಯಾಂಡಿನ ವಿಚಾರಣೆ ಕೌಂಟರಲ್ಲಿ ಹೋಗುವ ಬಸ್ ಜೊತೆಗೆ ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತಲೂ ಕೇಳಿ ಬರೆದುಕೊಳ್ಳಿ. ಇಳಿಯುವಾಗ ಅದೇ ಕಂಡಕ್ಟರನ್ನು ಇನ್ನೊಂದು ಸಲ ಕೇಳಿ.

ದಿನಾ_ಬಸ್ಸಲ್ಲಿ_ಹೋಗುವವಳು
ಫ್ರೀ ಟಿಕೆಟ್ ವಿಷಯ ನಾನು ಹೇಳ್ತೀನಿ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಆದರೆ ಅದು ಕರ್ನಾಟಕದ ಹೆಂಗಸರಿಗೆ ಮಾತ್ರ. ಅಮ್ಮನ ಆಧಾರಲ್ಲಿ ನಮ್ಮ ರಾಜ್ಯದ ವಿಳಾಸ ಇದ್ದರೆ ತೋರಿಸಿ, ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ದುಡ್ಡು ಕೊಟ್ಟಿಲ್ಲ ಅಂತ ಆ ಚೀಟಿಯನ್ನು ಬಿಸಾಡಬೇಡಿ, ಚೆಕಿಂಗ್‌ನವರು ಹತ್ತಿದರೆ ತೋರಿಸಬೇಕಾಗುತ್ತೆ. ಅತ್ತೆಯವರದು ಸೊಲ್ಲಾಪುರದ ವಿಳಾಸ, ಹಾಗಾಗಿ ಅವರಿಗೆ ಟಿಕೆಟ್ ತಗೊಳ್ಳಿ. ನಮ್ಮ ಕಡೆ ಪ್ರೈವೇಟ್ ಬಸ್ ಜಾಸ್ತಿ, ಅದರಲ್ಲಿ ಶಕ್ತಿ ನಡೆಯಲ್ಲ, ಎಲ್ಲರೂ ದುಡ್ಡು ಕೊಡಬೇಕು. ಸರ್ಕಾರಿ ಬಸ್ಸಲ್ಲೂ ರಾಜಹಂಸ, ಐರಾವತದಂಥದ್ದಕ್ಕೆ ಇಲ್ಲ.

ಆಮೇಲೆ ಚಿಲ್ಲರೆ. ಐನೂರರ ನೋಟು ಕೊಟ್ಟರೆ ಕಂಡಕ್ಟರ್ ಟಿಕೆಟ್ ಹಿಂದೆ ಪೆನ್ನಲ್ಲಿ ಬಾಕಿ ಬರೆದು ಮುಂದೆ ಹೋಗಿಬಿಡುತ್ತಾರೆ. ರಶ್ ಇದ್ದಾಗ ಅದನ್ನು ಕೇಳಿ ಇಸ್ಕೊಳ್ಳೋ ಹೊತ್ತಿಗೆ ನಿಮ್ಮ ಸ್ಟಾಪ್ ಬಂದಿರುತ್ತೆ. ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡಿರಿ. ಫೋನಲ್ಲಿ ಸ್ಕ್ಯಾನ್ ಮಾಡಿ ಕೊಡುವುದೂ ಈಗ ಇದೆ, ಆದರೆ ಹಳ್ಳಿ ಕಡೆ ನೆಟ್‌ವರ್ಕ್ ನಂಬಿಕೊಂಡು ಹೋಗಬೇಡಿ.

ಗುಬ್ಬಿಗೇಟ್
ದುರ್ಗದ ವಿಷಯದಲ್ಲಿ ನಾನು ಒಪ್ಪಲ್ಲ. ನೀವೊಬ್ಬರೇ ಆಗಿದ್ದರೆ ಬಸ್ಸಿಗೇ ಹೋಗಿ ಅಂತಿದ್ದೆ. ಭೋಗ ನರಸಿಂಹ ಕೆಳಗೆ, ಯೋಗ ನರಸಿಂಹ ಬೆಟ್ಟದ ಮೇಲೆ. ಬಸ್ ಇಳಿದ ಮೇಲೂ ಹತ್ತುವುದು ಇರುತ್ತೆ. ದಾರಿಯಲ್ಲಿ ನಾಮದ ಚಿಲುಮೆ ಸಿಗುತ್ತೆ, ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತೆಗೆದ ಅಂತಾರಲ್ಲ, ಅದೇ ಜಾಗ. ಬಸ್ಸಲ್ಲಿ ಹೋದರೆ ಅಲ್ಲಿ ಇಳಿದು ನೋಡಿ ಮತ್ತೆ ಹತ್ತೋಣ ಅನ್ನುವ ಹಾಗಿಲ್ಲ, ಮುಂದಿನ ಬಸ್ಸಿಗೆ ತುಂಬಾ ಹೊತ್ತು ಕಾಯಬೇಕು. ನಾಲ್ಕು ಜನ ಇದ್ದೀರಿ, ಹೋಗಿ ಬರಲು ಒಂದು ಆಟೊ ಮಾತಾಡಿಕೊಳ್ಳಿ. ಆಟೊದಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಅಮ್ಮನಿಗೂ ತೊಂದರೆ ಆಗಲಿಕ್ಕಿಲ್ಲ. ಕಾಯುವ ದುಡ್ಡೂ ಸೇರಿ ಎಷ್ಟು ಅಂತ ಹೊರಡುವ ಮುಂಚೆಯೇ ತೀರ್ಮಾನ ಮಾಡಿ. ಮೇಲೆ ಕೋತಿ ಜಾಸ್ತಿ, ಹಣ್ಣುಕಾಯಿ ಚೀಲ ಕೈಯಲ್ಲಿ ತೂಗಾಡಿಸಿಕೊಂಡು ಹೋಗಬೇಡಿ.

ಹುಬ್ಬಳ್ಳಿ_ಹುಡುಗ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಟ್ಟಿಲು ಅಂದರೆ ಅಪ್ಪನ ಮಂಡಿ ನೋವು ನೆನಪಾಯಿತು, ದುರ್ಗಕ್ಕೆ ಆಟೊನೇ ಮಾಡುತ್ತೇನೆ. ಮಠಕ್ಕೆ ಬಸ್. ಕೈದಾಳ ಅದೇ ದಿನ ಆಗುತ್ತಾ? ಇನ್ನೊಂದು, ಹುಬ್ಬಳ್ಳಿಯಿಂದ ರಾತ್ರಿ ಬೆಂಗಳೂರು ಬಸ್ ಹಿಡಿದರೆ ತುಮಕೂರು ಸ್ಟ್ಯಾಂಡಲ್ಲೇ ಇಳಿಸುತ್ತಾರಾ?

ಬಟವಾಡಿ_ನಿವಾಸಿ
ಕೈದಾಳ ಬಿಟ್ಟುಬಿಡಿ. ಕುಣಿಗಲ್ ರೋಡಲ್ಲಿ ಗೂಳೂರಿನ ಹತ್ತಿರ ಅದು, ಊರಿನ ಇನ್ನೊಂದು ದಿಕ್ಕು. ಚೆನ್ನಕೇಶವನ ಮೂರ್ತಿ ಮುಂದೆ ನಿಧಾನವಾಗಿ ನಿಂತು ನೋಡಬೇಕು, ಗಡಿಬಿಡಿಯಲ್ಲಿ ಹೋಗಿ ಬರುವ ಜಾಗವಲ್ಲ. ಅದರ ಬದಲು ಸಂಜೆ ಮಠದಲ್ಲಿ ಜಾಸ್ತಿ ಹೊತ್ತು ಇರಿ. 2019ರಲ್ಲಿ ಲಿಂಗೈಕ್ಯರಾದ ದೊಡ್ಡ ಸ್ವಾಮಿಗಳ ಗದ್ದುಗೆ ಅಲ್ಲೇ ಇದೆ. ಸಾವಿರಾರು ಮಕ್ಕಳು ಸಾಲಾಗಿ ಕೂತು ಪ್ರಾರ್ಥನೆ ಮಾಡುವುದನ್ನು ನಿಮ್ಮ ಅಪ್ಪ ನೋಡಬೇಕು. ದಾಸೋಹದಲ್ಲಿ ಪ್ರಸಾದ ತಗೊಂಡೇ ಬನ್ನಿ.

ರಾತ್ರಿ ಬಸ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಚಿತ್ರದುರ್ಗ, ಶಿರಾ ಮೇಲೆ ಬರುವ ಎಷ್ಟೋ ಬಸ್ ಊರೊಳಗೆ ಬರಲ್ಲ, ಬೈಪಾಸಲ್ಲೇ ಇಳಿಸಿ ಹೋಗುತ್ತವೆ. ನಸುಕಿನಲ್ಲಿ ಲಗೇಜು ಹಿಡಿದು ದೊಡ್ಡವರ ಜೊತೆ ಹೈವೇ ಪಕ್ಕ ನಿಲ್ಲುವುದು ಬೇಡವೇ ಬೇಡ. ಟಿಕೆಟ್ ಮಾಡಿಸುವಾಗಲೇ "ಸ್ಟ್ಯಾಂಡಿಗೆ ಹೋಗುತ್ತಾ, ಬೈಪಾಸಾ?" ಅಂತ ಕೇಳಿ. ರೈಲು ಸಿಕ್ಕರೆ ಇನ್ನೂ ವಾಸಿ. ಅರಸೀಕೆರೆ, ತಿಪಟೂರು ಮೇಲೆ ಬಂದು ಊರೊಳಗೇ ಇಳಿಯುತ್ತೀರಿ, ಸ್ಟೇಷನ್ ಮುಂದೆಯೇ ಆಟೊ ಸಿಗುತ್ತೆ.

ದಿನಾ_ಬಸ್ಸಲ್ಲಿ_ಹೋಗುವವಳು
ಅಪ್ಪನಿಗೆ 60 ದಾಟಿದ್ದರೆ ಅವರ ಆಧಾರನ್ನೂ ಇಟ್ಟುಕೊಂಡಿರಿ. ಸರ್ಕಾರಿ ವೇಗದೂತ ಬಸ್ಸಲ್ಲಿ ಹಿರಿಯ ನಾಗರಿಕರಿಗೆ ಶೇ. 25 ರಿಯಾಯಿತಿ ಇದೆ. ಟಿಕೆಟ್ ಹರಿಯುವ ಮುಂಚೆಯೇ ಹೇಳಬೇಕು.