ಅಪ್‌ಡೇಟ್: ಗಣಿತ ಟೀಚರ್ ಆಗೋಕೆ ವಿದೇಶದಲ್ಲಿ ಓದು, ಸೀಟು ಸಿಕ್ಕಿತು

ಹೈಸ್ಕೂಲ್ ಗಣಿತ ಕಲಿಸೋಕೆ ವಿದೇಶದಲ್ಲಿ ಯಾವ ಕೋರ್ಸ್ ಮಾಡಲಿ, ಎಂ.ಎಡ್. ಸಾಕಾ ಅಂತ ಕೇಳಿದ್ದೆ. ಇಂಗ್ಲೆಂಡಿನಲ್ಲಿ ಪಿಜಿಸಿಇ (ಡಿಗ್ರಿ ಆದಮೇಲೆ ಮಾಡುವ ಶಿಕ್ಷಕರ ತರಬೇತಿ ಕೋರ್ಸ್) ಸೀಟು ಸಿಕ್ಕಿದೆ, ತುಂಬಾ ಖುಷಿಯಾಗಿದೆ!

ನೀವು ಹೇಳಿದ್ದು ನಿಜ. ಡಿಗ್ರಿಯೇ ಬೇರೆ, ಪಾಠ ಮಾಡುವ ಅರ್ಹತೆಯೇ ಬೇರೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಕ್ಯೂಟಿಎಸ್ (ಪಾಠ ಮಾಡೋಕೆ ಅಧಿಕೃತ ಅರ್ಹತೆ) ಕೇಳ್ತಾರೆ, ಬರೀ ಪಿಜಿಸಿಇ ಇದ್ದರೆ ಸಾಲದು, ಅದಕ್ಕೇ ಎರಡೂ ಸೇರಿರುವ ಒಂದು ವರ್ಷದ ಕೋರ್ಸನ್ನೇ ಆರಿಸಿಕೊಂಡೆ. ಕನಿಷ್ಠ 120 ದಿನ ಶಾಲೆಯಲ್ಲೇ ತರಬೇತಿ, ಅದೂ ಎರಡು ಬೇರೆ ಬೇರೆ ಶಾಲೆಗಳಲ್ಲಿ. ನನಗೆ ಬೇಕಿದ್ದದ್ದೇ ಅದು. ಜರ್ಮನಿ ಕೈಬಿಟ್ಟೆ. ಅಲ್ಲಿ ಸಾಮಾನ್ಯವಾಗಿ ಎರಡು ವಿಷಯ ಓದಬೇಕು, ಜರ್ಮನ್ ಭಾಷೆಯೂ ಚೆನ್ನಾಗಿ ಬರಬೇಕು.

ಇಂಟರ್‌ವ್ಯೂನಲ್ಲಿ ಒಬ್ಬ ವಿದ್ಯಾರ್ಥಿಯ ತಪ್ಪು ಉತ್ತರ ತೋರಿಸಿದರು: (ಎ+ಬಿ)² = ಎ²+ಬಿ². ಇದಕ್ಕೆ ಏನು ಮಾಡ್ತೀರಿ ಅಂದರು. ನಾನು ಸೂತ್ರ ಹೇಳಲಿಲ್ಲ. ಎ+ಬಿ ಉದ್ದದ ಬಾಹು ಇರುವ ಚೌಕ ಬರೆದು, ನಾಲ್ಕು ಭಾಗ ಮಾಡಿ, ಎರಡು ಚೌಕ ಲೆಕ್ಕಕ್ಕೆ ಬಂತು, ಈ ಎರಡು ಆಯತ ಎಲ್ಲಿ ಹೋದವು ಅಂತ ಅವನನ್ನೇ ಕೇಳ್ತೀನಿ ಅಂದೆ. ಅದರ ಮೇಲೆಯೇ ಜಾಸ್ತಿ ಹೊತ್ತು ಮಾತಾಡಿದೆವು. ಗಣಿತ ಕಲಿಸೋದು ಅಂದರೆ ಇದೇ ಅಲ್ವಾ!

ವೀಸಾ ಕೆಲಸ ಬಾಕಿ ಇದೆ. ಪಿಜಿಸಿಇ ಮಾಡಿದವರಿದ್ದರೆ, ಮೊದಲ ಶಾಲೆಗೆ ಹೋಗುವ ಮುಂಚೆ ಏನು ಓದಿಕೊಂಡಿರಿ ಅಂತ ದಯವಿಟ್ಟು ಹೇಳಿ.