ಕೆಮ್ಮಿದರೆ ಉಚ್ಚೆ ಸೋರುತ್ತದೆ, ಕರೆಂಟ್ ಮಷೀನ್ ತರಿಸಲಾ?

ಪ್ರಶ್ನೆ, ಸಿಂಧನೂರು ಕಡೆಯ ಸದಸ್ಯೆ:
ನನಗೆ 36 ವರ್ಷ. ಎರಡೂ ನಾರ್ಮಲ್ ಹೆರಿಗೆ. ಮೆಣಸಿನಕಾಯಿ ಘಾಟಿಗೆ ಕೆಮ್ಮು ಬಂದರೆ, ಕೊಡ ಎತ್ತಿದರೆ ಸೀರೆ ಒದ್ದೆಯಾಗುತ್ತದೆ. 'ಹಡೆದವರಿಗೆಲ್ಲ ಇದ್ದದ್ದೇ' ಅಂತಾರೆ ಅತ್ತೆ. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿದು ಬಿಡುವ ಕೆಗಲ್ ವ್ಯಾಯಾಮ ಮಾಡಿದೆ, ಗುಣ ಕಾಣಲಿಲ್ಲ. ಆ ಸ್ನಾಯುಗಳಿಗೆ ಕರೆಂಟ್ ಕೊಡುವ ಮಷೀನ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ತರಿಸಲಾ?

ಉತ್ತರ, ಫಿಜಿಯೋಥೆರಪಿಸ್ಟ್, ರಾಯಚೂರು:
ಈಗಲೇ ಬೇಡ. ಈ ತೊಂದರೆ ತುಂಬಾ ಹೆಂಗಸರಿಗೆ ಇದೆ, ನಿಜ. ಹಾಗಂತ ಸಹಿಸಿಕೊಂಡು ಕೂರಬೇಕಿಲ್ಲ. ಅತ್ತೆಗೂ ಇದನ್ನು ಓದಿ ಹೇಳಿ, ಅವರಿಗೂ ಇದ್ದೀತು!

ಮೊದಲು ನೋಡಬೇಕಾದ್ದು, ನೀವು ಬಿಗಿಯುತ್ತಿರುವುದು ಸರಿಯಾದ ಸ್ನಾಯುವನ್ನೇನಾ ಅಂತ. ಎಷ್ಟೋ ಜನ ಹೊಟ್ಟೆ, ತೊಡೆ, ಕುಂಡಿ ಬಿಗಿಯುತ್ತಾರೆ. ಕೆಲವರು ಉಸಿರು ಕಟ್ಟಿ ಕೆಳಕ್ಕೆ ತಿಣುಕುತ್ತಾರೆ, ಅದಂತೂ ಪೂರಾ ಉಲ್ಟಾ. ನಾಲ್ಕು ಜನರ ಮಧ್ಯೆ ಗಾಳಿ ತಡೆಯುತ್ತೇವಲ್ಲ, ಆ ಹಿಡಿತವೇ ಮುಂಭಾಗಕ್ಕೂ ಬರಬೇಕು. ಒಳಕ್ಕೆ, ಮೇಲಕ್ಕೆ. ಬಿಗಿದು ಪೂರ್ತಿ ಸಡಿಲ ಬಿಡಿ, ಹೀಗೆ 8 ಸಲ. ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಕೆಮ್ಮುವ ಮುಂಚೆ, ಕೊಡ ಎತ್ತುವ ಮುಂಚೆಯೂ ಒಮ್ಮೆ ಬಿಗಿದುಕೊಳ್ಳಿ.

ಮಷೀನ್ ಬೇಕಾಗುವುದು, ಎಷ್ಟು ಯತ್ನಿಸಿದರೂ ಆ ಸ್ನಾಯು ಅಲುಗದವರಿಗೆ. ಯೋನಿಯೊಳಗೆ ಪ್ರೋಬ್ (ಕರೆಂಟ್ ಹಾಯಿಸುವ ಸಣ್ಣ ಕಡ್ಡಿ) ಇಟ್ಟು ಸಣ್ಣ ಕರೆಂಟ್ ಹಾಯಿಸುತ್ತಾರೆ. ನರಕ್ಕೆ ಅದು ತಾಗಿ ಸ್ನಾಯು ತಾನೇ ಬಿಗಿಯುತ್ತದೆ. ಕೆಮ್ಮಿದಾಗ ಸೋರುವವರಿಗೆ ಸಾಮಾನ್ಯವಾಗಿ 35ರಿಂದ 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಕರೆಂಟ್ ಮಿಡಿಯುವಂತೆ ಇಡುತ್ತೇವೆ. ಮೂತ್ರದ ಅವಸರ ತಡೆಯಲಾಗದವರಿಗೆ ಅದಕ್ಕಿಂತ ಬಹಳ ಕಡಿಮೆ. 'ಓಹೋ, ಇದೇನಾ ಆ ಸ್ನಾಯು' ಅಂತ ಗೊತ್ತಾದ ಮೇಲೆ ಬಿಗಿಯುವ ಕೆಲಸ ನಿಮ್ಮದೇ. ವ್ಯಾಯಾಮ ಸರಿಯಾಗಿ ಬರುವವರಿಗೆ ಮಷೀನ್ ಸುಮ್ನೆ ಖರ್ಚು ಅನ್ನೋದು ನನ್ನ ಅಭಿಪ್ರಾಯ.

ಗಂಗಾವತಿ ಸದಸ್ಯೆ:
ಹೊಟ್ಟೆಗೆ ಕಟ್ಟುವ ಕರೆಂಟ್ ಬೆಲ್ಟ್ ಮನೆಯಲ್ಲಿದೆ, ಅದು ಆಗುತ್ತಾ? ನಾನು 4 ತಿಂಗಳ ಬಸುರಿ.

ಉತ್ತರ:
ಆ ಬೆಲ್ಟ್ ಹೊಟ್ಟೆಯ ಸ್ನಾಯುವಿಗೆ, ಇದಕ್ಕಲ್ಲ. ಬಸುರಿನಲ್ಲಿ ಬೆಲ್ಟೂ ಬೇಡ, ಪ್ರೋಬೂ ಬೇಡ. ವ್ಯಾಯಾಮ ಮಾಡಬಹುದು, ಮಾಡಿ. ಪೇಸ್‌ಮೇಕರ್ ಇದ್ದವರು, ಆ ಭಾಗದಲ್ಲಿ ಸೋಂಕು, ಕ್ಯಾನ್ಸರ್ ಅಥವಾ ಕಾರಣ ತಿಳಿಯದ ರಕ್ತಸ್ರಾವ ಇರುವವರು ಕೂಡ ಮಷೀನ್ ಮುಟ್ಟಬಾರದು.

ಸಿಂಧನೂರು ಕಡೆಯ ಸದಸ್ಯೆ:
ಯಾರಿಗೆ ತೋರಿಸಲಿ ಮೇಡಂ? ಸೋರುತ್ತದೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇನೆ.

ಉತ್ತರ:
ನಮ್ಮ ಬಿಸಿಲಿನಲ್ಲಿ ನೀರು ಕಡಿಮೆ ಮಾಡ್ತಾರೇನ್ರೀ? ಮೂತ್ರ ಗಟ್ಟಿಯಾದರೆ ಉರಿ, ಅವಸರ ಇನ್ನೂ ಜಾಸ್ತಿ. ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಗರ್ಭಕೋಶ ಜಾರಿದೆಯಾ, ಮೂತ್ರದಲ್ಲಿ ಸೋಂಕಿದೆಯಾ, ಶುಗರ್ ಇದೆಯಾ ನೋಡಲಿ. ಆಮೇಲೆ ಫಿಜಿಯೋಥೆರಪಿಗೆ ಬರೆಸಿಕೊಳ್ಳಿ.